ಮ್ಯಾಂಚೆಸ್ಟರಿನ ಬೆನ್ನಿಗೆ ಯಲಬುರ್ಗಾದ ಕೈ

ಕೊಪ್ಪಳ ಸ್ಟೇಶನ್

ವಿಲಾಯತಿಗೆ ಹೋಗಿ ಬಂದವರು ಅಲ್ಲಿನ ಅರಮನೆ, ಸೇತುವೆ, ಗಡಿಯಾರದ ಗೋಪುರಗಳ ಬಗ್ಗೆ ಬರೆಯುತ್ತಾರೆ. ನನ್ನನ್ನು ಅವುಗಳ ಬಗ್ಗೆ ಕೇಳಬೇಡಿ. ನಾನು ಅಲ್ಲಿ ನೋಡಿದ್ದೆಲ್ಲ ಬೆನ್ನುಗಳು. ಉದ್ದ ಬೆನ್ನು, ಗಿಡ್ಡ ಬೆನ್ನು, ಮಗ್ಗದ ಮುಂದೆ ಬಗ್ಗಿ ಬಗ್ಗಿ ಬಿಲ್ಲಾದ ಬೆನ್ನು, ಮತ್ತು ನಾನು ಹತ್ತಿರ ಬಂದ ಕೂಡಲೇ ನನ್ನ ಕಡೆ ತಿರುಗುತ್ತಿದ್ದ ಬೆನ್ನು. ಈ ಕೊನೆಯ ಜಾತಿಯವೇ ಹೆಚ್ಚು.

ಬೆನ್ನಿಗೂ ನನಗೂ ಹುಟ್ಟಿನಿಂದಲೇ ನಂಟು. ಎಲ್ಲರೂ ತಲೆ ಮುಂದಾಗಿ ಹುಟ್ಟಿದರೆ ನಾನು ಕಾಲು ಮುಂದಾಗಿ ಹುಟ್ಟಿದೆ. ನಮ್ಮ ಸೀಮೆಯಲ್ಲಿ ಅಂಥವನ ಕಾಲಿಗೆ ಇರುವ ಬೆಲೆ ನಿಮಗೆ ಗೊತ್ತೇ ಇದೆ. ನಡ ಹಿಡಿದವರು ಬೆಳಗಾಗುತ್ತಲೇ ಬಂದು, ಯಾರ ಹತ್ತಿರವೂ ಬಾಯಿ ಬಿಡದೆ, ಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಕಾಲು ಮುಂದಾಗಿ ಹುಟ್ಟಿದವನು ಎಡಗಾಲಿನಿಂದ ಸೊಂಟಕ್ಕೆ ಒದೆಯಬೇಕು. ಒದೆಸಿಕೊಂಡವರು ಹಿಂತಿರುಗಿ ನೋಡದೆ ಮನೆಗೆ ಹೋಗಬೇಕು. ಹಲ್ಲು ಬೀಳುವ ವಯಸ್ಸಿಗೇ ನಾನು ಯಲಬುರ್ಗಾದ ಅರ್ಧ ಊರನ್ನು ಒದ್ದು ಮುಗಿಸಿದ್ದೆ. ಸಾಲಿಯ ಮಾಸ್ತರರನ್ನು ಬೆಳಿಗ್ಗೆ ನಾನು ಒದೆಯುತ್ತಿದ್ದೆ, ಲೆಕ್ಕ ತಪ್ಪಿದ್ದಕ್ಕೆ ಮಧ್ಯಾಹ್ನ ಅವರು ನನಗೆ ಹೊಡೆಯುತ್ತಿದ್ದರು. ಸಂಜೆಯ ಹೊತ್ತಿಗೆ ಇಬ್ಬರ ಬಾಕಿಯೂ ಚುಕ್ತಾ. ಕುಷ್ಟಗಿಯಿಂದ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಇರಕಲ್ಲಗಡದಿಂದ ಒಬ್ಬ ಪೈಲ್ವಾನ ಬಂದಿದ್ದ. ಅವನ ಬೆನ್ನಿಗೆ ಒದ್ದಾಗ ನನ್ನ ಹೆಬ್ಬೆರಳೇ ಉಳುಕಿತು. ಅವನು ಹಿಂತಿರುಗಿ ನೋಡದೆ ಹೋದ. ನಾನು ಹದಿನೈದು ದಿನ ಕುಂಟಿದೆ.

ಒದೆಸಿಕೊಂಡವರಲ್ಲಿ ಕೆಲವರಿಗೆ ನೋವು ಹೋಗುತ್ತಿತ್ತು, ಕೆಲವರಿಗೆ ಹೋಗುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಅವ್ವ, "ಅವ್ರಿಗೆ ನಂಬಿಕಿ ಕಮ್ಮಿ" ಎನ್ನುತ್ತಿದ್ದಳು. ಹೋದವರದು ನನ್ನ ಕಾಲಿನ ಗುಣ, ಹೋಗದವರದು ಅವರ ನಂಬಿಕೆಯ ದೋಷ. ಇಂಥ ಸುಖದ ಕಸುಬು ಬೇರೆ ಇಲ್ಲ. ಆದರೂ ಯಾಕೆ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಹೈದರಾಬಾದಿನಲ್ಲಿ ಮೆಟ್ರಿಕ್ ಓದುವಾಗ ಫುಟ್‌ಬಾಲ್ ಆಡಲು ಹೋಗಿ ನನ್ನ ಕುತ್ತಿಗೆ ಒಂದೇ ಕಡೆ ತಿರುಗಿ ನಿಂತಿತು. ವಾರವಿಡೀ ಜಗತ್ತನ್ನೆಲ್ಲ ಓರೆಯಾಗಿ ನೋಡಿದೆ. ವಿಲಾಯತಿಯಲ್ಲಿ ಕಲಿತು ಬಂದಿದ್ದ ಒಬ್ಬ ಡಾಕ್ಟರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಏನೋ ಮಾತಾಡಿಸುತ್ತಲೇ ಒಂದು ಸಲ ತಿರುವಿದರು. ಕಟಕ್ ಎಂದಿತು. ಜಗತ್ತು ನೆಟ್ಟಗಾಯಿತು. ಕೀಲುಗಳನ್ನೂ ಬೆನ್ನೆಲುಬನ್ನೂ ಹೀಗೆ ಕೈಯಿಂದಲೇ ಸರಿಪಡಿಸುವುದಕ್ಕೆ ಒಂದು ವಿದ್ಯೆ ಇದೆ, ಅದನ್ನು ಕಲಿಸುವ ಶಾಲೆಗಳೂ ಇವೆ ಎಂದು ಅವರೇ ಹೇಳಿದರು. ನಾನು ಅಲ್ಲಿಯೇ ನಿರ್ಧಾರ ಮಾಡಿದೆ. ನಿರ್ಧಾರ ಮಾಡುವುದರಲ್ಲಿ ನಾನು ಯಾವಾಗಲೂ ಚುರುಕು. ಆಮೇಲಿನದರಲ್ಲಿ ಅಷ್ಟಿಲ್ಲ.

ಅಪ್ಪನದು ಕೊಪ್ಪಳದಲ್ಲಿ ಹತ್ತಿಯ ಅಂಗಡಿ. ಅಳವಂಡಿಯ ಎರೆ ಹೊಲಗಳ ಹತ್ತಿಯೆಲ್ಲ ಅವನ ತಕ್ಕಡಿಗೇ ಬರುತ್ತಿತ್ತು. ಅವನು ನನ್ನ ಮಾತು ಕೇಳಿ ತಕ್ಕಡಿ ಕೆಳಗಿಟ್ಟ.

"ಮಂದಿ ನಡ ಒತ್ತಾಕ ವಿಲಾಯತಿಗೆ ಹೋಗಬೇಕೇನಲೇ ಈರ್ಯಾ?"

"ಒತ್ತಾಕ ಅಲ್ಲಪಾ. ಕೀಲು ಕೂಡಸಾಕ. ಡುಬ್ಬದ ಎಲುಬು ಸರಿ ಮಾಡಾಕ."

"ಹತ್ತಿ ಯಾಪಾರ ಬಿಟ್ಟು ಮಂದಿ ಮೈ ಮುಟ್ಟತೀ?"

"ಮೈ ಮುಟ್ಟದ ಡಾಕ್ಟರ ಯಾರದಾನ, ಹೇಳು ನೋಡೂಣು."

ಮೂರು ತಿಂಗಳು ಅಪ್ಪ ನನ್ನ ಜೊತೆ ಮಾತು ಬಿಟ್ಟ. ನಾನು ಊಟ ಬಿಡುತ್ತೇನೆಂದೆ. ಮೊದಲ ದಿನ ಸಂಜೆಯೇ ಅಡುಗೆಮನೆಯಲ್ಲಿ ಶೇಂಗಾ ಹೋಳಿಗೆ ಸಮೇತ ಸಿಕ್ಕಿಬಿದ್ದೆ. ಆದರೂ ಹಠ ಬಿಡಲಿಲ್ಲ. ಕೊನೆಗೆ ಕೊಪ್ಪಳ ಸ್ಟೇಶನ್ನಿನಲ್ಲಿ ಗಾಡಿ ಬರುವ ಮುಂಚೆ ಅಪ್ಪ ಬಾಯಿ ಬಿಟ್ಟ.

"ಕೇಳಿಲ್ಲಿ. ಮಾಲೀಸು ಮಾಡವ್ರು ನಮ್ಮ ಗರಡಿಮನ್ಯಾಗ ಬೇಕಾದಷ್ಟು ಅದಾರ. ಬರೇ ಮಾಲೀಸು ಕಲ್ತು ಬಂದಿ ಅಂದ್ರ ಸೀದಾ ಅಂಗಡಿಗೆ ಬಂದು ತಕ್ಕಡಿ ಹಿಡಿ, ಮತ್ತ ಆ ಮಾತು ತಗೀಬ್ಯಾಡ. ಡುಬ್ಬದ ವಿದ್ಯಾ ಕಲ್ತು ಬಂದ್ರ ನಿನ್ನ ದಾರಿ ನಿಂದು."

"ಕಲ್ತ ಬರ್ತೀನಿ."

"ನೋಡೂಣು" ಎಂದ ಅಪ್ಪ. ಅವನ 'ನೋಡೂಣು' ಹತ್ತಿಯ ದಲಾಲರನ್ನೇ ನಡುಗಿಸುವಂಥದು.

ಹಡಗು

ಹಡಗಿನಲ್ಲಿ ನಾನು ಮಾಡಿದ್ದೆಲ್ಲ ಬರೆಯುವಂತಿಲ್ಲ. ಹೆಚ್ಚಿನದು ಸಮುದ್ರದ ಪಾಲಾಯಿತು. ಹೊಟ್ಟೆ ಒಂದು ಹದಕ್ಕೆ ಬಂದ ಮೇಲೆ ಒಬ್ಬ ಗುಜರಾತಿ ಸೇಠನ ಪರಿಚಯವಾಯಿತು. ಭಾರೀ ಮನುಷ್ಯ. ಏಡನ್ ದಾಟಿದ ಮೇಲೆ ಅವನು ಬೂಟು ಹಾಕಿಕೊಳ್ಳಲು ಬಗ್ಗಿದವನು ಬಗ್ಗಿದಂತೆಯೇ ಉಳಿದ. ಹಡಗಿನ ಡಾಕ್ಟರು ಬಿಸಿನೀರಿನ ಚೀಲ ಕೊಟ್ಟ. ಸೇಠ ಆ ಚೀಲ ಹಿಡಿದುಕೊಂಡು, ಬಗ್ಗಿಕೊಂಡೇ ನನ್ನ ಹತ್ತಿರ ಬಂದು ಹಿಂದುಸ್ತಾನಿಯಲ್ಲಿ ಗೋಳು ತೋಡಿಕೊಂಡ. ನಾನು ಸುಮ್ಮನಿರಬೇಕಿತ್ತು. ಮೀಸೆ ತಿರುವಿ, ನಾನು ಕಾಲು ಮುಂದಾಗಿ ಹುಟ್ಟಿದವನು ಎಂದೆ.

ಸೇಠನ ಮುಖ ಅರಳಿತು. ಅವರ ಕಡೆಯೂ ಇದೇ ಪದ್ಧತಿಯಂತೆ. ಮರುದಿನ ಸೂರ್ಯ ಏಳುವ ಹೊತ್ತಿಗೆ ಇಬ್ಬರೂ ಡೆಕ್ಕಿನ ಮೇಲೆ ಹಾಜರು. ಸೇಠ ಮಾತಾಡದೆ ಕಂಬಿ ಹಿಡಿದು ಬೆನ್ನು ಕೊಟ್ಟ. ನಾನು ಧೋತರ ಮೇಲೆ ಕಟ್ಟಿ ಎಡಗಾಲು ಎತ್ತಿದೆ. ಮೊದಲನೆಯದು ಸರಿಯಾಗಿ ಬಿತ್ತು. ಎರಡನೆಯದಕ್ಕೆ ಹಡಗು ಹೊಯ್ದಾಡಿ ಸ್ವಲ್ಪ ಕೆಳಗೆ ಬಿತ್ತು. ಮೂರನೆಯದಕ್ಕೆ ಕಾಲು ಎತ್ತಿದಾಗ ಹಿಂದಿನಿಂದ ಯಾರೋ ನನ್ನ ಕತ್ತುಪಟ್ಟಿ ಹಿಡಿದರು. ಹಡಗಿನ ಒಬ್ಬ ಬಿಳಿಯ ಅಧಿಕಾರಿ.

ಅವನು ಕಂಡದ್ದು ಇಷ್ಟು: ಒಬ್ಬ ತರುಣ, ಒಬ್ಬ ವಯಸ್ಸಾದ ಮರ್ಯಾದಸ್ಥನನ್ನು ಸಮುದ್ರದ ಕಡೆಗೆ ಒದೆಯುತ್ತಿದ್ದಾನೆ. ನಾನು ಇದು ಚಿಕಿತ್ಸೆ ಎಂದೆ. ಸೇಠ ಏನೂ ಹೇಳಲೊಲ್ಲ. ಒದೆಸಿಕೊಳ್ಳುವಾಗ ಮಾತಾಡಿದರೆ ಗುಣ ಹೋಗುತ್ತದಲ್ಲ. ಕಣ್ಣುಮುಚ್ಚಿ ಹಾಗೆಯೇ ನಿಂತು, ಮೂರನೆಯದು ಬಾಕಿ ಇದೆ ಎಂದು ಬೆರಳು ತೋರಿಸಿದ. ಅಧಿಕಾರಿ ನನ್ನನ್ನು ಎಳೆದೊಯ್ದು ಒಂದು ಕೋಣೆಯಲ್ಲಿ ಕೂರಿಸಿದ. ಸೇಠ ಬೆನ್ನು ನೆಟ್ಟಗೆ ಮಾಡಿಕೊಂಡು ಬಂದು ಬಿಡಿಸುವವರೆಗೆ ಮಧ್ಯಾಹ್ನವಾಯಿತು.

ಬಿಡುಗಡೆಯಾಗಿ ಹೊರಗೆ ಬಂದಾಗ ಎಲ್ಲರೂ ನನ್ನ ಕಾಲು ನೋಡಿ ದೂರ ಸರಿಯುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ. ಸೇಠ ನೆಟ್ಟಗೆ ನಿಂತಿದ್ದ. ಯಾಕೆ ನಿಂತ ಎಂಬುದು ಮಾತ್ರ ಅಧಿಕಾರಿಗೂ ಗೊತ್ತಿಲ್ಲ, ಸೇಠನಿಗೂ ಗೊತ್ತಿಲ್ಲ, ಒದ್ದ ನನಗೂ ಗೊತ್ತಿಲ್ಲ. ಅದನ್ನು ತಿಳಿಯದೆ ಊರಿಗೆ ತಿರುಗುವುದಿಲ್ಲ ಎಂದು ಸಮುದ್ರಕ್ಕೆ ಕೇಳುವಂತೆ ಹೇಳಿದೆ. ಸಮುದ್ರ ಒಂದು ಅಲೆ ಎತ್ತಿ ನನ್ನ ಧೋತರ ತೋಯಿಸಿತು.

ಮ್ಯಾಂಚೆಸ್ಟರ್

ಮ್ಯಾಂಚೆಸ್ಟರಿನಲ್ಲಿ ನನಗಿಂತ ಮುಂಚೆ ಬಂದು ನೆಲೆಸಿದ್ದವನು ಗಂಗಾವತಿಯ ಖಾದರ್. ಹೈದರಾಬಾದಿನಲ್ಲಿ ನನ್ನ ಜೊತೆ ಓದಿದವನು, ಇಲ್ಲಿ ಬಟ್ಟೆಗೆ ಬಣ್ಣ ಹಾಕುವುದನ್ನು ಕಲಿಯುತ್ತಿದ್ದ. ಇಷ್ಟು ಚಿಕ್ಕ ವಯಸ್ಸಿಗೇ ತಲೆ ಬೋಳಾಗಿತ್ತು. ಅವನೇ ನನಗೆ ಮಿಸೆಸ್ ಕ್ಲೆಗ್ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದುಕೊಟ್ಟ. ಅರ್ಧ ಆಯುಷ್ಯ ಮಿಲ್ಲಿನಲ್ಲಿ ನೇಯ್ದ ಹೆಂಗಸು. ಮಗ್ಗದ ಸದ್ದಿನಲ್ಲಿ ಕಳೆದ ಬಾಯಿ, ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಅವಳ ಇಂಗ್ಲಿಷು ನನ್ನ ಶಾಲೆಯ ಇಂಗ್ಲಿಷಲ್ಲ. ಅದನ್ನು ಕುಷ್ಟಗಿಯ ನಮ್ಮ ಸೋದರತ್ತೆಯ ಮಾತಿನಲ್ಲಿ ಬರೆದರೇ ನಿಮಗೆ ಸರಿಯಾಗಿ ಕೇಳಿಸೀತು.

ಮೊದಲ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಮಾಳಿಗೆಯ ನನ್ನ ಕಿಟಕಿಯ ಗಾಜಿಗೆ ಟಕಟಕ ಬಡಿದ ಸದ್ದಾಯಿತು. ನೋಡಿದರೆ ಉದ್ದನೆಯ ಕೋಲಿನ ತುದಿ. ಕಳ್ಳನೆಂದು ತಿಳಿದು ಕಿಟಕಿ ತೆರೆದು ಕೋಲನ್ನು ಹಿಡಿದು ಎಳೆದೆ. ಕೆಳಗಿನಿಂದ ಒಬ್ಬ ಮುದುಕ ಬೈಯತೊಡಗಿದ. ಮಿಲ್ಲಿಗೆ ಹೋಗುವವರನ್ನು ಹೀಗೆ ಕಿಟಕಿ ಬಡಿದು ಎಬ್ಬಿಸುವುದು ಅವನ ಉದ್ಯೋಗವಂತೆ. ಕಿಟಕಿಗಳ ಲೆಕ್ಕ ತಪ್ಪಿ ನನ್ನದನ್ನು ಬಡಿದಿದ್ದ. ನಮ್ಮೂರಲ್ಲಿ ಈ ಕೆಲಸವನ್ನು ಕೋಳಿ ಪುಕ್ಕಟೆ ಮಾಡುತ್ತದೆ ಎಂದು ಹೇಳಿದೆ. ಅವನು ಕೋಲು ಕಸಿದುಕೊಂಡು ಹೋದ.

ಕೆಳಗಿಳಿದು ಹೊರಗೆ ಕಾಲಿಟ್ಟೆ. ಹಿಂದೆಯೇ ಗುಡುಗು ಕೇಳಿತು.

"ನಿಂದ್ರಲ್ಲಿ. ಕಾಲು ತಗಿ."

ಮಿಸೆಸ್ ಕ್ಲೆಗ್ ಮೆಟ್ಟಿಲ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. ಆ ಬೀದಿಯ ಹೆಂಗಸರೆಲ್ಲ ಬೆಳಿಗ್ಗೆ ತಮ್ಮ ತಮ್ಮ ಮನೆಯ ಮೆಟ್ಟಿಲನ್ನು ತೊಳೆದು, ಒಂದು ಬಗೆಯ ಕಲ್ಲಿನಿಂದ ತಿಕ್ಕಿ, ಅಂಚಿಗೆ ಬಿಳಿ ಗೆರೆ ಎಳೆಯುತ್ತಿದ್ದರು. ನಮ್ಮ ಹೆಂಗಸರು ಅಂಗಳ ಸಾರಿಸಿ ರಂಗೋಲಿ ಹಾಕುವಂತೆಯೇ. ಅವಳ ಹಸಿ ಗೆರೆಯ ಮೇಲೆ ನನ್ನ ಹೆಜ್ಜೆ ಪೂರ್ತಿ ಮೂಡಿತ್ತು.

"ನಮ್ಮವ್ವನೂ ಹಿಂಗ ಬೈತಾಳ" ಎಂದೆ.

"ಛಲೋ ಮಾಡ್ತಾಳ" ಎಂದು ಮತ್ತೆ ತಿಕ್ಕತೊಡಗಿದಳು. ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಬೀದಿಯುದ್ದಕ್ಕೂ ಹೆಂಗಸರು ಹಾಗೆಯೇ ಏಳುತ್ತಿದ್ದರು. ನಾನು ಸರಿಯಾದ ಊರಿಗೇ ಬಂದಿದ್ದೆ.

ಖಾಲಿ ಟೇಬಲ್ಲು

ಕೀಲು ಕೂಡಿಸುವ ವಿದ್ಯೆಗೆಂದು ನಾನು ಸೇರಿದ ಶಾಲೆಯಲ್ಲಿ ಬೆನ್ನೆಲುಬಿನ ಪಾಠ ಹೇಳುತ್ತಿದ್ದವಳು ಮಿಸ್ ಥಾರ್ನ್. ಕಡ್ಡಿಯಂಥ ಹೆಂಗಸು, ಕಡ್ಡಿ ಮುರಿದಂಥ ಮಾತು. ಇವಳ ಇಂಗ್ಲಿಷನ್ನು ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ. ಇವಳಿಗೂ ಮಿಸೆಸ್ ಕ್ಲೆಗ್‌ಗೂ ನಡುವೆ ಅಷ್ಟು ದೂರವಿತ್ತು.

ಮೊದಲ ಪರೀಕ್ಷೆಗೆ ಬೆನ್ನೆಲುಬಿನ ಮಣಿಗಳನ್ನು ಒಂದು ಬುಟ್ಟಿಯಲ್ಲಿ ಹಾಕಿ ಕೊಟ್ಟು, ದಾರಕ್ಕೆ ಸರಿಯಾಗಿ ಪೋಣಿಸಿ ಎಂದಳು. ನಾನು ಎಲ್ಲರಿಗಿಂತ ಮೊದಲು ಪೋಣಿಸಿ ಮುಗಿಸಿದೆ. ಮಿಸ್ ಥಾರ್ನ್ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು.

"ಈ ಮನುಷ್ಯ ಸೊಂಟದಿಂದ ತಲೆ ಆಡಿಸುತ್ತಾನೆ" ಎಂದಳು.

ಕುತ್ತಿಗೆಯ ಮಣಿ ಎರಡು ಸೊಂಟಕ್ಕೆ ಹೋಗಿದ್ದವು. ಮುಂದೆ ನಾನು ಆ ಮಣಿಗಳನ್ನು ಕಣ್ಣು ಕಟ್ಟಿಕೊಂಡು ಪೋಣಿಸುವಷ್ಟು ಕಲಿತೆ. ಸಿಟ್ಟಿನಿಂದ ಕಲಿತದ್ದು ಮರೆಯುವುದಿಲ್ಲ.

ಕೈ ಪಳಗಿಸಲು ನನಗೆ ಸಿಕ್ಕ ಬೆನ್ನು ಖಾದರನದು. ರವಿವಾರ ಮಧ್ಯಾಹ್ನ ಅವನನ್ನು ನನ್ನ ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಿಸಿ, ಭುಜವನ್ನು ಹಿಂದಕ್ಕೂ ಸೊಂಟವನ್ನು ಮುಂದಕ್ಕೂ ನೂಕಿ, ಬೆನ್ನಿನ ಸಡಿಲೆಲ್ಲ ತೀರುವವರೆಗೆ ಮೆಲ್ಲಗೆ ತಿರುವುತ್ತಿದ್ದೆ. ಚಕ್ಕಡಿಗೆ ಹತ್ತಿಯ ಚೀಲ ಹೇರಿ ಹಗ್ಗ ಬಿಗಿಯುವಾಗ ಮೊದಲು ಸಡಿಲು ತೆಗೆಯುತ್ತಾರಲ್ಲ, ಹಾಗೆ. ಸಡಿಲು ತೀರಿದ ಮೇಲೆ ಒಂದೇ ಒಂದು ಚಿಕ್ಕ ತಳ್ಳು. ಕೆಲಸವೆಲ್ಲ ಆ ಚಿಕ್ಕದರಲ್ಲಿ. ನಾನು ಮೊದಲ ಸಲ ದೊಡ್ಡದನ್ನೇ ಕೊಟ್ಟೆ. ಖಾದರ್ ಮಂಚದ ಆಚೆ ಬಿದ್ದ.

"ಅರೆ ಭಾಯಿ, ನಾ ನಿಂಗ ಏನು ಮಾಡೀನಿ?" ಎಂದ ನೆಲದಿಂದ. "ನಮ್ಮ ಅಬ್ಬಾಜಾನ್ ನನ್ನ ಬಣ್ಣ ಕಲ್ಯಾಕ ಕಳಿಸ್ಯಾರ, ಸಾಯಾಕ ಅಲ್ಲ."

"ಇನ್ನೊಮ್ಮೆ ಮಕ್ಕೋ. ಸಡ್ಲು ಈಗ ಸಿಕ್ಕೈತಿ."

"ಸಡ್ಲು ನಿನ್ನ ತಲ್ಯಾಗ ಐತಿ."

ಆದರೂ ಮಲಗಿದ. ಅಂಥ ಗೆಳೆಯ.

ಶಾಲೆಗೆ ಸೇರಿದಂತೆಯೇ ಮಿಲ್ಲಿನ ಜನರಿಗಾಗಿ ಒಂದು ಪುಕ್ಕಟೆ ಚಿಕಿತ್ಸೆಯ ಕೋಣೆ ಇತ್ತು. ಪ್ರತಿ ವಿದ್ಯಾರ್ಥಿಗೆ ಒಂದು ಟೇಬಲ್ಲು. ರೋಗಿಗಳು ಉದ್ದನೆಯ ಬೆಂಚಿನ, ಅಂದರೆ ಬಾಕಿನ, ಮೇಲೆ ಕೂತು, ತಮಗೆ ಬೇಕಾದ ಟೇಬಲ್ಲಿಗೆ ಹೋಗುತ್ತಿದ್ದರು. ಮಿಸ್ ಥಾರ್ನ್ ಎದುರಿಗೆ ನಿಜವಾದ ರೋಗಿಯ ಬೆನ್ನನ್ನು ಸರಿಮಾಡಿ ತೋರಿಸದೆ ಕೊನೆಯ ಪರೀಕ್ಷೆಗೆ ಕೂರುವಂತಿರಲಿಲ್ಲ. ಎಲ್ಲರ ಟೇಬಲ್ಲಿನ ಮುಂದೆಯೂ ಸಾಲು ನಿಂತಿತ್ತು. ನನ್ನದರ ಮುಂದೆ ಯಾರೂ ಇಲ್ಲ. ನಾನು ಸ್ಟೂಲಿನ ಮೇಲೆ ಕೂತು ಹೊದಿಕೆಯ ಸುಕ್ಕು ಬಿಡಿಸುತ್ತಿದ್ದೆ. ಶುಭ್ರವಾದ ಹೊದಿಕೆ ಎಂದರೆ ನನ್ನ ಟೇಬಲ್ಲಿನದು.

ಬಂದ ರೋಗಿಗಳು ಒಂದೊಂದು ಸಬೂಬು ಹೇಳುತ್ತಿದ್ದರು. ಒಬ್ಬಾಕೆ ಮಾತ್ರ ನೇರವಾಗಿ ಕೇಳಿದಳು.

"ನಿನ್ನ ಬಣ್ಣ ಅಂಟತೈತೇನು?"

"ದಿನಾ ಬಂದ್ರ ಹತ್ತು ವರ್ಷದಾಗ ಅಂಟೀತು" ಎಂದೆ. ಅವಳು ನಕ್ಕಳು. ನಕ್ಕು ಪಕ್ಕದ ಟೇಬಲ್ಲಿಗೆ ಹೋದಳು.

ಇದನ್ನು ಖಾದರನಿಗೆ ಹೇಳಿದೆ. ಅಳವಂಡಿಯ ಹತ್ತಿ ನೇಯ್ದೇ ಇವರ ಬೆನ್ನು ಬಗ್ಗಿರುವುದು, ಅದನ್ನು ಸರಿಮಾಡುವ ಹಕ್ಕು ನನಗೇ ಮೊದಲು ಎಂದು ಭಾಷಣ ಮಾಡಿದೆ. ಖಾದರ್ ಬೋಳುತಲೆ ಆಡಿಸಿದ.

"ನಮ್ಮ ಹತ್ತಿ ಎಳಿ ಗಿಡ್ಡ ಲೇ. ಇಲ್ಲಿ ಮಿಲ್ಲಿನವ್ರು ಅದನ್ನ ಮುಟ್ಟಂಗಿಲ್ಲ."

"ಹತ್ತೀನೂ ಮುಟ್ಟಂಗಿಲ್ಲ, ನನ್ನೂ ಮುಟ್ಟಂಗಿಲ್ಲ" ಎಂದೆ. ಆ ದಿನ ನಗು ಬರಲಿಲ್ಲ.

ಡಿಸೆಂಬರಿನಲ್ಲಿ ಮಿಸ್ ಥಾರ್ನ್ ನನ್ನನ್ನು ಕರೆದಳು.

"ನಿಮ್ಮ ಕೈ ಒಳ್ಳೆಯದಿದೆ. ಮಾಲೀಸು ಮತ್ತು ವಿದ್ಯುತ್ ಚಿಕಿತ್ಸೆಯ ಪರೀಕ್ಷೆ ಬರೆಯಿರಿ. ಈಗಲೇ ಪಾಸಾಗುತ್ತೀರಿ. ಗೌರವದಿಂದ ಊರಿಗೆ ಹೋಗಬಹುದು."

"ಬೆನ್ನೆಲುಬು?"

"ರೋಗಿಗಳನ್ನು ನಾನು ಬಲವಂತ ಮಾಡಲಾರೆ. ಜನವರಿ ಮುಗಿದರೆ ನಿಮ್ಮ ಟೇಬಲ್ಲನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ."

ಅಪ್ಪನ ತಕ್ಕಡಿ ನನ್ನ ಕಣ್ಣ ಮುಂದೆ ತೂಗಾಡಿತು. ಒಂದು ತಟ್ಟೆಯಲ್ಲಿ ಹತ್ತಿ, ಇನ್ನೊಂದರಲ್ಲಿ ನಾನು, ಸಾಯುವವರೆಗೆ.

"ಮಾಲೀಸಿನ ಪರೀಕ್ಷೆ ಬರೆಯುವುದಿಲ್ಲ. ಜನವರಿ ಮುಗಿಯುವವರೆಗೆ ಆ ಟೇಬಲ್ಲು ನನ್ನದು. ಆಮೇಲೆ ಬೇಕಾದರೆ ನನ್ನನ್ನು ಸ್ಟೂಲಿನ ಸಮೇತ ಎತ್ತಿ ಹೊರಗೆ ಹಾಕಿ."

ಮಿಸ್ ಥಾರ್ನ್ ಕನ್ನಡಕದ ಮೇಲಿನಿಂದ ನೋಡಿದಳು. "ಸ್ಟೂಲು ಶಾಲೆಯದು" ಎಂದಳು.

ಹೊಸ ವರ್ಷದ ಮುಂಜಾನೆ

ಡಿಸೆಂಬರಿನ ಕೊನೆಯ ದಿನ ಖಾದರನ ಕೋಣೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಅವನನ್ನೂ ಕರೆದುಕೊಂಡು ಮನೆಗೆ ಬಂದೆ. ನಮ್ಮ ಬೀದಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದವು. ಕಿಟಕಿಗಳಿಂದ ಹೆಂಗಸರು ಇಣುಕುತ್ತಿದ್ದರು. ಮಿಸೆಸ್ ಕ್ಲೆಗ್ ಬಾಗಿಲನ್ನು ಸ್ವಲ್ಪವೇ ತೆರೆದು ಕೈ ಹೊರಗೆ ಚಾಚಿದಳು. ಕೈಯಲ್ಲಿ ಕಲ್ಲಿದ್ದಲಿನ ಒಂದು ಹೆಂಟೆ.

"ಇದನ್ನ ಹಿಡಕೊಂಡು ಒಳಗ ಬಾ. ನೀನ ಮೊದಲು ಬರಬೇಕು."

"ಮೆಟ್ಟಲಾ ಇನ್ನೂ ಹಸಿ ಐತಿ" ಎಂದೆ. ಪಾಠ ಕಲಿತಿದ್ದೆ.

"ಮೆಟ್ಟಲಾ ಸುಡ್ಲಿ. ತುಳಿ, ಬಾ."

ವರ್ಷದ ಮೊದಲ ದಿನ ಹೊಸ್ತಿಲು ದಾಟುವ ಮೊದಲ ಕಾಲು ಕಪ್ಪು ಕೂದಲಿನ ಗಂಡಸಿನದಾಗಿರಬೇಕು, ಅವನು ಕೈಯಲ್ಲಿ ಕಲ್ಲಿದ್ದಲು ತರಬೇಕು, ಆಗ ವರ್ಷವಿಡೀ ಆ ಮನೆಗೆ ಶುಭ. ಕೆಂಚು ಕೂದಲಿನವನೋ ಹೆಂಗಸೋ ಮೊದಲು ಬಂದರೆ ಮುಗಿಯಿತು. ಇದು ಅಲ್ಲಿನ ನಂಬಿಕೆ. ಇಡೀ ಬೀದಿಯಲ್ಲಿ ನನ್ನಷ್ಟು ಕಪ್ಪು ಕೂದಲಿನ ಗಂಡಸು ಇನ್ನೊಬ್ಬನಿರಲಿಲ್ಲ. ಖಾದರನನ್ನು ಮಿಸೆಸ್ ಕ್ಲೆಗ್ ಒಮ್ಮೆ ನೋಡಿ, "ಇಂವಗ ಕೂದಲನ ಇಲ್ಲ" ಎಂದು ತಳ್ಳಿಹಾಕಿದಳು.

ನಾನು ಹೊಸ ಸೊಸೆಯಂತೆ ಬಲಗಾಲಿಟ್ಟು ಒಳಗೆ ಹೋದೆ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು, ಅದರ ಪಕ್ಕದ್ದೂ ತೆರೆಯಿತು. ಎಲ್ಲರಿಗೂ ನನ್ನ ಕಾಲು ಬೇಕು. ಖಾದರ್ ಬಕೀಟಿನಲ್ಲಿ ಕಲ್ಲಿದ್ದಲು ಹೊತ್ತು ಹಿಂದೆ, ನಾನು ಮುಂದೆ. ನನ್ನ ಬಣ್ಣ ಅಂಟುತ್ತದೆಯೇ ಎಂದು ಕೇಳಿದ್ದ ಹೆಂಗಸೂ ಅದೇ ಬೀದಿಯವಳು. ಅವಳ ಹೊಸ್ತಿಲನ್ನೂ ದಾಟಿದೆ. ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. ಬಣ್ಣದ ಮಾತು ಬರಲಿಲ್ಲ.

"ಯಲಬುರ್ಗಾದಾಗ ಒದಿಯಾಕ, ಇಲ್ಲಿ ಹೊಸ್ತಲಾ ದಾಟಾಕ" ಎಂದ ಖಾದರ್. "ನಿನ್ನ ಕಾಲು ಛಲೋ ಸಂಪಾದಿಸತಾವ, ತಲಿ ಒಂದ ಸುಮ್ನ ಐತಿ."

ಬೀದಿ ಮುಗಿಸಿ ಮಿಸೆಸ್ ಕ್ಲೆಗ್ ಮನೆಗೆ ಮರಳಿದೆವು. ಅವಳು ಚಹಾ ಸುರಿದಿಟ್ಟು, ನಾನು ತಂದ ಹೆಂಟೆಯನ್ನು ಬೆಂಕಿಗೆ ಹಾಕಲು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಒಂದು ಕೈ ಸೊಂಟಕ್ಕೆ ಹೋಯಿತು, ಮುಖ ಬಿಳುಚಿತು. ನಾನು ಎದ್ದು ಅವಳ ಬೆನ್ನಿನ ಕಡೆ ಕೈ ಚಾಚಿದೆ.

"ಬ್ಯಾಡ, ಬ್ಯಾಡ. ಕೈ ಹಚ್ಚಬ್ಯಾಡ" ಎಂದಳು. "ತಾನ ಹೋಗತೈತಿ."

ನಾನು ಕೈ ಹಿಂದೆಗೆದುಕೊಂಡೆ. ಅವಳು ಕುರ್ಚಿ ಹಿಡಿದು ಮೆಲ್ಲಗೆ ಎದ್ದಳು.

"ಮಿಸೆಸ್ ಕ್ಲೆಗ್, ಒಂದು ಮಾತು ಹೇಳ್ರಿ" ಎಂದೆ. "ಹೊಸ ವರ್ಷಕ್ಕ ನನ್ನ ಕಾಲು ಬೇಕು. ನಡ ಹಿಡದ್ರ ನನ್ನ ಕೈ ಬ್ಯಾಡ. ಕಾಲು ಅಂದ್ರ ದೇವರು ಕೊಟ್ಟದ್ದು, ನಾ ಏನೂ ಕಲ್ತಿಲ್ಲ. ಕೈಗೆ ವಿದ್ಯಾ ಬರಲಿ ಅಂತ ಸಮುದ್ರ ದಾಟಿ ಬಂದೀನಿ. ಕಲೀದ ಕಾಲು ನಡೀತೈತಿ, ಕಲ್ತ ಕೈ ನಡ್ಯಂಗಿಲ್ಲ. ಇದ್ಯಾವ ನ್ಯಾಯ?"

ಅವಳು ಬೆಂಕಿ ನೋಡಿದಳು. ಖಾದರ್ ಬಕೀಟು ನೋಡಿದ.

"ಚಹಾ ಆರತೈತಿ" ಎಂದಳು ಮಿಸೆಸ್ ಕ್ಲೆಗ್. ಅವರ ಊರಿನಲ್ಲಿ ಉತ್ತರವಿಲ್ಲದ ಮಾತಿಗೆಲ್ಲ ಇದೇ ಉತ್ತರ.

"ಆರಲಿ" ಎಂದೆ. ಸುರಿದಿಟ್ಟ ಚಹಾ ಬಿಟ್ಟು ಮೇಲೆ ಹೋದೆ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಅವಮಾನ ಮಾಡಲು ಬರುವುದಿಲ್ಲ. ಮೇಲೆ ಹೋಗಿ ಕೂತ ಮೇಲೆ ಭಯವಾಯಿತು. ಹೊರಗೆ ಹಾಕಿದರೆ ಎಲ್ಲಿ ಮಲಗುವುದು? ಖಾದರನ ಮಂಚದಲ್ಲಿ ಇಬ್ಬರಿಗೆ ಜಾಗವಿಲ್ಲ. ನೆಲಕ್ಕೆ ಬೀಳುವ ಸರದಿ ಈ ಸಲ ನನ್ನದು. ಆದರೂ ಇಳಿದು ಹೋಗಿ ಆ ಚಹಾ ಕುಡಿ ಎಂದರೆ ಕುಡಿಯುತ್ತಿರಲಿಲ್ಲ.

ಮಂಗಳವಾರ

ಮಂಗಳವಾರ ಚಿಕಿತ್ಸೆಯ ಕೋಣೆ ತೆರೆಯಿತು. ನಾನು ನನ್ನ ಸ್ಟೂಲಿನ ಮೇಲೆ, ನನ್ನ ಶುಭ್ರವಾದ ಹೊದಿಕೆಯ ಪಕ್ಕದಲ್ಲಿ. ಬಾಕಿನ ಮೇಲೆ ಮಿಲ್ಲಿನ ಹೆಂಗಸರು ತುಂಬಿದ್ದರು. ಬಾಗಿಲು ತೆರೆದು ಮಿಸೆಸ್ ಕ್ಲೆಗ್ ಬಂದಳು. ಚರ್ಚಿಗೆ ಹೋಗುವಾಗ ಹಾಕುವ ಟೋಪಿ ಹಾಕಿಕೊಂಡಿದ್ದಳು. ಯಾರ ಕಡೆಯೂ ನೋಡದೆ ಸೀದಾ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು.

"ಎಲ್ಲಿ ಮಕ್ಕೋಬೇಕು?"

ನನಗೆ ಬೆನ್ನೆಲುಬಿನ ಎಲ್ಲ ಮಣಿಗಳೂ ಮರೆತುಹೋದವು.

ಪರದೆಯ ಹಿಂದೆ ಹೋಗಿ ಆಸ್ಪತ್ರೆಯ ನಿಲುವಂಗಿ ತೊಟ್ಟು ಬಂದಳು. ಟೋಪಿ ಮಾತ್ರ ತೆಗೆಯಲಿಲ್ಲ. ಮಿಸ್ ಥಾರ್ನ್ ಕೋಣೆಯ ಆ ತುದಿಯಿಂದ ನಡೆದು ಬಂದು ನನ್ನ ಎದುರಿಗೆ ನಿಂತಳು. ನಾನು ಬೆರಳಿನಿಂದ ಬೆನ್ನಿನ ಮಣಿಗಳನ್ನು ಒಂದೊಂದಾಗಿ ಮುಟ್ಟುತ್ತ ಇಳಿದೆ. ಸೊಂಟದ ಕೆಳಭಾಗದಲ್ಲಿ ಒಂದು ಜಾಗ ತುಕ್ಕು ಹಿಡಿದ ಕೀಲಿನಂತೆ ಅಲುಗದೆ ಕೂತಿತ್ತು. ಅದೇ ಎಂದೆ. ಮಿಸ್ ಥಾರ್ನ್ ತನ್ನ ಬೆರಳಿಟ್ಟು ಹೌದೆಂದು ತಲೆಯಾಡಿಸಿದಳು.

ಮಗ್ಗುಲಾಗಿ ಮಲಗಿಸಿದೆ. ಮಂಡಿ ಮಡಿಸಿದೆ. ಭುಜ ಹಿಂದಕ್ಕೆ, ಸೊಂಟ ಮುಂದಕ್ಕೆ. ಟೋಪಿಯ ಗರಿ ನನ್ನ ಮೂಗಿಗೆ ಹೊಕ್ಕಿತು. ಸೀನು ಬಂತು. ಸೀನನ್ನು ತಡೆದು ತಳ್ಳಿದೆ.

ಕಟಕ್.

ಇಡೀ ಕೋಣೆಗೆ ಕೇಳಿಸಿತು. ಬಾಕಿನ ಮೇಲಿನ ಹೆಂಗಸರು ಕತ್ತು ಚಾಚಿದರು.

"ಹೋತು" ಎಂದಳು ಮಿಸೆಸ್ ಕ್ಲೆಗ್, ಕಣ್ಣು ಮುಚ್ಚಿಕೊಂಡೇ. "ನನ್ನವ್ವ, ಹೋತು ನೋಡು. ಹಗುರ ಆತು."

ಆ ಸದ್ದು ಅವಳ ಬೆನ್ನಿನಿಂದ ಬಂದದ್ದಲ್ಲ. ನನ್ನ ಬಲಭುಜದ್ದು. ಸೀನು ತಡೆಯುವ ಭರದಲ್ಲಿ ನನ್ನ ಕೀಲೇ ಒಮ್ಮೆ ಜಾರಿ ಮತ್ತೆ ಕೂತಿತ್ತು. ಅವಳ ಬೆನ್ನಿನ ಕೀಲು ನನ್ನ ಬೆರಳಿನ ಕೆಳಗೆ ಇದ್ದಲ್ಲೇ ಇತ್ತು.

ಮಿಸ್ ಥಾರ್ನ್ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಕೋಣೆಯ ಅಷ್ಟೂ ಹೆಂಗಸರು ಸದ್ದು ಕೇಳಿದ್ದಾರೆ, ರೋಗಿ ಹಗುರವಾಯಿತು ಎನ್ನುತ್ತಿದ್ದಾಳೆ. ಸುಮ್ಮನಿದ್ದರೆ ಟೇಬಲ್ಲು ನನ್ನದು, ಪರೀಕ್ಷೆ ನನ್ನದು, ಅಪ್ಪನ ತಕ್ಕಡಿ ಅಪ್ಪನಿಗೇ. ಆದರೆ ಸುಮ್ಮನಿರುವುದಕ್ಕೆ ಯಲಬುರ್ಗಾದಲ್ಲೇ ಇರಬಹುದಿತ್ತಲ್ಲ. ನಂಬಿಕೆಯಿಂದ ವಾಸಿ ಮಾಡಲು ನನ್ನ ಎಡಗಾಲೇ ಸಾಕಿತ್ತು.

"ಏಳಬ್ಯಾಡ್ರಿ" ಎಂದೆ. "ಅದು ನನ್ನ ಭುಜ. ನಿಮ್ಮ ನಡ ಇನ್ನೂ ಹಂಗ ಐತಿ. ತಿರುಗಿ ಮಕ್ಕೋರಿ."

ಮಿಸೆಸ್ ಕ್ಲೆಗ್ ಕಣ್ಣು ತೆರೆದಳು. "ಹಗುರ ಆಗೇತಿ ಅಂತ ನಾನ ಹೇಳ್ತೀನಲ್ಲ."

"ನೀವು ಹೇಳ್ತೀರಿ. ನಡ ಹೇಳವಲ್ದು. ಟೋಪಿ ತಗೀರಿ ಮೊದಲು."

ಬಾಕಿನ ಮೇಲೆ ಯಾರೋ ನಕ್ಕರು. ಮಿಸೆಸ್ ಕ್ಲೆಗ್ ನನ್ನನ್ನು ದುರುಗುಟ್ಟಿ ನೋಡಿ, ಟೋಪಿ ತೆಗೆದು ತನ್ನ ಎದೆಗೆ ಅವಚಿಕೊಂಡು ಮಲಗಿದಳು. ನನ್ನ ಭುಜ ಚುರುಗುಡುತ್ತಿತ್ತು. ಈ ಸಲ ಅವಸರ ಮಾಡಲಿಲ್ಲ. ಸಡಿಲನ್ನು ಎಳೆ ಎಳೆಯಾಗಿ ತೆಗೆದೆ. ಇನ್ನು ಮುಂದೆ ಹೋಗುವುದಿಲ್ಲ ಎನ್ನುವ ಜಾಗ ಬಂತು. ಅವಳು ಉಸಿರು ಬಿಡುವುದನ್ನೇ ಕಾದು, ಚಿಕ್ಕದೊಂದು ತಳ್ಳು ಕೊಟ್ಟೆ.

ಸದ್ದೇ ಆಗಲಿಲ್ಲ. ಬೆರಳಿನ ಕೆಳಗೆ ಮಾತ್ರ ಏನೋ ಜಾರಿ ತನ್ನ ಜಾಗಕ್ಕೆ ಹೋಗಿ ಕೂತಿತು. ಮೀನು ನೀರಿನಲ್ಲಿ ಮಗ್ಗುಲು ಬದಲಿಸಿದಷ್ಟು. ಮಿಸ್ ಥಾರ್ನ್ ಮತ್ತೆ ಬೆರಳಿಟ್ಟು ನೋಡಿದಳು.

"ಏನೂ ಆಗಲಿಲ್ಲಲ್ಲ" ಎಂದಳು ಮಿಸೆಸ್ ಕ್ಲೆಗ್.

"ಎದ್ದು ಬೂಟು ಕಟ್ಕೋರಿ."

ಎದ್ದಳು. ಬಗ್ಗಿದಳು, ಎರಡೂ ಬೂಟಿನ ಲಾಡಿ ಕಟ್ಟಿದಳು, ಏನನ್ನೂ ಹಿಡಿಯದೆ ನೆಟ್ಟಗೆ ನಿಂತಳು. ನಿಂತ ಮೇಲೆ ತಾನು ಏನನ್ನೂ ಹಿಡಿದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಇನ್ನೊಮ್ಮೆ ಬಗ್ಗಿ ಎದ್ದಳು. ಆಮೇಲೆ ಟೋಪಿ ಹಾಕಿಕೊಂಡು, ಇಡೀ ಬಾಕಿಗೆ ಕೇಳುವಂತೆ ಹೇಳಿದಳು.

"ಮೊದಲನೇದ ಛಲೋ ಇತ್ತು. ಸಪ್ಪಳ ಬಂದಿತ್ತು."

"ಈ ಟೇಬಲ್ಲು ಇನ್ನು ಇವರದೇ" ಎಂದು ಮಿಸ್ ಥಾರ್ನ್ ಪಕ್ಕದಲ್ಲಿದ್ದ ಕೋಣೆಯ ಕೆಲಸದವಳಿಗೆ ಹೇಳಿದಳು. "ಹೊದಿಕೆ ಬದಲಿಸಿ." ಅಷ್ಟೇ ಹೇಳಿ ಹೋದಳು. ಅವಳು ಹೆಚ್ಚು ಮಾತಾಡಿದ್ದರೆ ನಾನು ಅತ್ತುಬಿಡುತ್ತಿದ್ದೆನೇನೋ. ಭುಜದ ನೋವಿಗೆ ಎಂದು ಹೇಳುತ್ತಿದ್ದೆ.

ಬಾಕಿನಿಂದ ಒಬ್ಬ ದಪ್ಪನೆಯ ಹೆಂಗಸು ಎದ್ದು ಬಂದು ನನ್ನ ಟೇಬಲ್ಲನ್ನು ಬೆರಳಿನಿಂದ ಒತ್ತಿ ನೋಡಿದಳು.

"ನಂಗ ಸಪ್ಪಳ ಬೇಕು ನೋಡಪಾ."

"ಸಪ್ಪಳ ಬೇಕಂದ್ರ ಬ್ಯಾರೆ ಟೇಬಲ್ಲಿಗೆ ಹೋಗ್ರಿ" ಎಂದೆ. "ಇಲ್ಲಿ ಡುಬ್ಬ ಅಷ್ಟ ಸರಿ ಮಾಡ್ತೀವಿ."

ಅವಳು ಪಕ್ಕದ ಟೇಬಲ್ಲಿನ ಉದ್ದನೆಯ ಸಾಲು ನೋಡಿದಳು, ನನ್ನನ್ನು ನೋಡಿದಳು, ಕೋಟಿನ ಗುಂಡಿ ಬಿಚ್ಚತೊಡಗಿದಳು.

"ಕೈ ತಣ್ಣಗ ಅದಾವೇನು?"

"ಅದಾವ."

"ಮತ್ತ ಬಿಸಿ ಮಾಡ್ಕೋ."

ಬೆಂಕಿ ಇದ್ದದ್ದು ಕೋಣೆಯ ಆ ತುದಿಯಲ್ಲಿ. ನಾನು ಅಲ್ಲಿಗೆ ಹೋಗಲಿಲ್ಲ. ಟೇಬಲ್ಲು ಬಿಟ್ಟರೆ ಯಾರಾದರೂ ಕಸಿದುಕೊಂಡಾರೆಂದು ಅದಕ್ಕೆ ಒರಗಿ ನಿಂತು, ಅಲ್ಲಿಯೇ ಎರಡೂ ಕೈ ಉಜ್ಜತೊಡಗಿದೆ.